ಮೂರು ಕಾಲಿನ ಧೂಪದಾನಿ

ವೂನ್ಯಾಂಗ್ ಎಂದರೆ ಊರಲ್ಲಿ ಯಾರಿಗೂ ತಟ್ಟನೆ ಗೊತ್ತಾಗುತ್ತಿರಲಿಲ್ಲ. ಬೂದಿ ಅತ್ತೆ ಎನ್ನಬೇಕು. ಲುಂಗ್‌ಚುವಾನ್ ಬೆಟ್ಟಸಾಲಿನ ಆ ಪಿಂಗಾಣಿ ಸುಡುವ ಆವಿಗೆಯೂರಿನಲ್ಲಿ, ಹಸಿರು ಪಾತ್ರೆಗಳ ಮೈಗೆ ಕೊಡುವ ಮೆರುಗಿಗೆ ಬೂದಿ ಸುಡುವ ಕೆಲಸ ಅವಳದು. ಸುಣ್ಣಕಲ್ಲಿನ ಮೇಲೆ ಒಣಗಿದ ಜರಿಗಿಡ, ಅದರ ಮೇಲೆ ಮತ್ತೆ ಕಲ್ಲು, ಮತ್ತೆ ಜರಿಗಿಡ, ಹೀಗೆ ಪೇರಿಸಿ ಬೆಂಕಿ ಕೊಡಬೇಕು. ಆರಿದ ಮೇಲೆ ನೀರು ಚಿಮುಕಿಸಿ, ಕುಟ್ಟಿ, ತೊಳೆದು, ಸೋಸಿ, ಜಾಡಿಯಲ್ಲಿ ತಿಂಗಳುಗಟ್ಟಲೆ ಕೊಳೆಯಲು ಬಿಡಬೇಕು. ತಲೆಗೆ ನೀರು ಹಾಕಿಕೊಂಡು ಬಂದರೂ ಸ್ವಲ್ಪ ಹೊತ್ತಿಗೆ ಅವಳ ಹುಬ್ಬು ಮತ್ತೆ ಬೆಳ್ಳಗಾಗಿರುತ್ತಿತ್ತು. ಈ ಊರಿನಲ್ಲಿ ಮಣ್ಣು ಮುಟ್ಟುವವನಿಗೆ ಮರ್ಯಾದೆ, ಬೆಂಕಿ ನೋಡಿಕೊಳ್ಳುವವನಿಗೆ ಇನ್ನೂ ಹೆಚ್ಚು ಮರ್ಯಾದೆ. ಬೂದಿ ಮುಟ್ಟಿದವಳನ್ನು ಮಾತ್ರ ಮದುವೆಯೂಟಕ್ಕೆ ಬಾಗಿಲ ಪಕ್ಕದಲ್ಲಿ ಕೂರಿಸುತ್ತಿದ್ದರು. ಬೂದಿ ಇಲ್ಲದಿದ್ದರೆ ಆ ಹಸಿರು ಎಲ್ಲಿಂದ ಬರುತ್ತಿತ್ತು ಎಂದು ಕೇಳುವ ಬುದ್ಧಿ ಒಬ್ಬನಿಗೂ ಬರಲಿಲ್ಲ.

ಗಂಡ ರೆನ್‌ಗುಯಿ ಆವಿಗೆಯ ಗೋಡೆ ಕುಸಿದು ಸತ್ತಿದ್ದ. ಅವನ ಹೆಸರು ಕೆತ್ತಿದ ಹಲಗೆ ಅಣ್ಣನ ಮನೆಯಲ್ಲಿ ಸತ್ತ ಹಿರಿಯರನ್ನು ಪೂಜಿಸುವ ಪೀಠದ ಮೇಲೆ, ಅಪ್ಪ ತಾತಂದಿರ ಹಲಗೆಗಳ ಪಕ್ಕದಲ್ಲಿ ನಿಂತಿತ್ತು. ವೂನ್ಯಾಂಗ್ ಮತ್ತು ಅವಳ ಒಬ್ಬಳೇ ಮಗಳು ಶಿಂಗೆರ್ ಅದೇ ಮನೆಯ ಹಿಂದಿನ ಇಳಿಜಾರು ಸೂರಿನ ಕೋಣೆಯಲ್ಲಿದ್ದರು. ಮನೆಯ ಯಜಮಾನ ಭಾವ ಯೆ ರೆನ್‌ಫು. ಆವಿಗೆಯ ಯಜಮಾನನೂ ಅವನೇ. ಮಾತು ಕಡಿಮೆ, ಹಟ ಜಾಸ್ತಿ. ಅವನ ಮಗ ಪಾತ್ರೆ ತುಂಬಿದ ತೆಪ್ಪದ ಜೊತೆ ಹೊಳೆಯ ಪಾಲಾಗಿದ್ದ. ಉಳಿದದ್ದು ಸೊಸೆ, ಅವಳ ಹೊಟ್ಟೆಯಲ್ಲಿದ್ದ ಕೂಸು. ಗಂಡು ಹುಟ್ಟಿದಾಗ ರೆನ್‌ಫು ಪೀಠದ ಮುಂದೆ ಹಣೆ ಚಚ್ಚಿಕೊಂಡು ಅತ್ತುಬಿಟ್ಟ. ಮನೆತನಕ್ಕೆ ಊದುಬತ್ತಿ ಹಚ್ಚುವವನೊಬ್ಬ ಸಿಕ್ಕನಲ್ಲ ಎಂದು. ದೆವ್ವಗಳ ಕಣ್ಣು ಬೀಳದಿರಲಿ ಎಂದು ಆ ಮಗುವನ್ನು ಎಲ್ಲರೂ ನಾಯಿಮರಿ ಎಂದೇ ಕರೆಯುತ್ತಿದ್ದರು.

ಶಿಂಗೆರ್ ಕೈ ಬಹಳ ನಿಧಾನ, ಬಹಳ ಹದ. ಧೂಪದಾನಿಗೆ ಮೂರು ಕಾಲು ಅಂಟಿಸುವುದು ಅವಳ ಕೆಲಸ. ಟೊಳ್ಳು ಕಾಲುಗಳು. ಒಳಗೆ ಸಿಕ್ಕಿಕೊಂಡ ಗಾಳಿ ಬೆಂಕಿಯಲ್ಲಿ ಉಬ್ಬಿ ಸಿಡಿಯದಂತೆ ಪ್ರತಿ ಕಾಲಿಗೂ ಒಳಗಡೆ ಒಂದು ಸಣ್ಣ ತೂತು ಬಿಡಬೇಕು. "ಉಸಿರಾಡೋಕೆ ದಾರಿ ಬೇಡ್ವೇನಮ್ಮ ಅದಕ್ಕೆ?" ಎನ್ನುತ್ತ ಬಿದಿರುಕಡ್ಡಿಯಿಂದ ಚುಚ್ಚುತ್ತಿದ್ದಳು. ಅವಳು ಕಾಲಿಟ್ಟ ಧೂಪದಾನಿ ಎಂಥ ಓರೆ ಮೇಜಿನ ಮೇಲಿಟ್ಟರೂ ಅಲುಗಾಡುತ್ತಿರಲಿಲ್ಲ. ಆ ಹದವೇ ಅವಳಿಗೆ ಮುಳುವಾಯಿತು. ಮದುವೆ ಮಾಡಿಸುವ ಸುನ್ ಅಜ್ಜಿ ಬಂದಾಗಲೆಲ್ಲ ರೆನ್‌ಫು ಅಂಥ ಕೈಯನ್ನು ಬಿಟ್ಟುಕೊಡಲಾರದೆ ಒಂದೇ ಮಾತು ಹೇಳಿ ಕಳಿಸುತ್ತಿದ್ದ.

"ಹುಡುಗ ಬಿದಿರು ಹೆಣೆಯೋನು ಕಣಪ್ಪ," ಎಂದಿದ್ದಳು ಸುನ್ ಅಜ್ಜಿ ಒಮ್ಮೆ. "ಕೈಕಾಲು ನೆಟ್ಟಗಿದೆ. ಹಲ್ಲು ಸ್ವಲ್ಪ ಮುಂದೆ, ಅಷ್ಟೇ. ಹಲ್ಲಲ್ಲಿ ಸಂಸಾರ ಮಾಡ್ತಾರಾ?"

"ಈ ಸಲದ ಆವಿಗೆ ಇಳೀಲಿ. ಆಮೇಲೆ ನೋಡೋಣ."

"ಹೋದ್ಸಲಾನೂ ಇದೇ ಅಂದಿದ್ದೆ. ಆವಿಗೆ ಇಳೀತಾನೇ ಇದೆ, ಹುಡುಗಿ ವಯಸ್ಸು ಏರ್ತಾನೇ ಇದೆ."

"ನಿಂಗೇನಜ್ಜಿ ಅವಸರ? ಊಟ ಮಾಡ್ಕೊಂಡು ಹೋಗು."

ಸುನ್ ಅಜ್ಜಿ ಊಟ ಮಾಡಿಕೊಂಡು ಹೋದಳು. ಬಿದಿರು ಹೆಣೆಯುವವನು ಬೇರೆ ಊರಿನ ಹುಡುಗಿಯನ್ನು ಮಾಡಿಕೊಂಡ. ವೂನ್ಯಾಂಗ್ ಭಾವನ ಎದುರು ತುಟಿ ಪಿಟಕ್ ಎನ್ನಲಿಲ್ಲ. ಅವನ ಸೂರಿನಡಿ ಇದ್ದೇವೆ, ಅವನ ಗಂಜಿ ಕುಡಿಯುತ್ತಿದ್ದೇವೆ ಎಂದು ಬಾಯಿಗೆ ಬೀಗ ಹಾಕಿಕೊಂಡಳು. ಅಷ್ಟರಲ್ಲಿ ಮಗಳಿಗೆ ಒಣಕೆಮ್ಮು ಹತ್ತಿತು. ಒಣಮಣ್ಣಿನ ಧೂಳು ಎದೆಗೆ ಇಳಿದವರಿಗೆ ಬರುವ ಕೆಮ್ಮು ಅದು. ಊರಲ್ಲಿ ಅದನ್ನು ಎಲ್ಲರೂ ಬಲ್ಲರು, ಯಾರೂ ಹೆಸರು ಹಿಡಿದು ಹೇಳುವುದಿಲ್ಲ. ಎರಡು ಚಳಿಗಾಲ ಕೆಮ್ಮಿ, ಮೂರನೆಯದು ಮುಗಿಯುವ ಮುಂಚೆ ಶಿಂಗೆರ್ ಸತ್ತಳು. ಉಸಿರಾಡಲು ದಾರಿಯಿಲ್ಲದೆ ಸತ್ತಳು.

ಸತ್ತವರಿಗೆ ಊದುಬತ್ತಿಯ ಹೊಗೆಯೇ ಊಟ, ಮದುವೆಯಾಗದ ಹೆಣ್ಣಿಗೆ ಆ ಊಟಕ್ಕೆ ಕೂರಲು ಎಲ್ಲೂ ಜಾಗವಿಲ್ಲ. ಹುಟ್ಟಿದ ಮನೆಯ ಪೀಠ ಅವಳದಲ್ಲ, ಗಂಡನ ಮನೆ ಎಂಬುದೇ ಇಲ್ಲ. ಗುಡ್ಡದ ಓರೆಯಲ್ಲಿ ಒಂದು ಗುಂಡಿ ತೋಡಿ, ಕಲ್ಲಿಲ್ಲದೆ, ಗುರುತಿಲ್ಲದೆ ಮುಚ್ಚಿಬಿಡುತ್ತಾರೆ. ಇದೆಲ್ಲ ಗೊತ್ತಿದ್ದೂ ವೂನ್ಯಾಂಗ್ ಕೈಯ ಬೂದಿಯನ್ನು ಸೆರಗಿಗೆ ಒರೆಸಿಕೊಂಡು ಭಾವನ ಮುಂದೆ ನಿಂತಳು.

"ಭಾವ, ಒಂದು ಚಿಕ್ಕ ಹಲಗೆ. ಮೂಲೇಲಿ. ಯಾರ ಕಣ್ಣಿಗೂ ಬೀಳದ ಹಾಗೆ."

"ಮೂಲೆಯಾದ್ರೇನು, ಪೀಠ ಪೀಠಾನೇ. ಹುಟ್ಟಿದ ಮನೇಲಿ ಹೆಣ್ಣಿಗೆ ಊದುಬತ್ತಿ ಹಚ್ಚಿದ್ದು ಎಲ್ಲಾದ್ರೂ ನೋಡಿದೀಯೇನಮ್ಮ? ಹಿರಿಯರು ಮುಖ ತಿರುಗಿಸಿ ಕೂತ್ಕೋತಾರೆ. ಹೆಣ್ಣು ಗಂಡನ ಮನೆಯೋರ ಜೊತೆ ಉಣ್ಣಬೇಕು."

"ಗಂಡನ ಮನೆಗೆ ಹೋಗೋಕೆ ಬಿಡದೇ ಇದ್ದೋರು ಯಾರು?"

ಅವಳ ಬಾಯಿಂದ ಅಂಥ ಮಾತು ಬಂದದ್ದು ಅದೇ ಮೊದಲು. ರೆನ್‌ಫು ಅವಳ ಮುಖ ನೋಡಲಿಲ್ಲ. "ಸತ್ತೋಳ ಹೆಸರು ಇನ್ನು ಈ ಮನೇಲಿ ಎತ್ತಬೇಡ" ಎಂದಷ್ಟೇ ಹೇಳಿ ಎದ್ದು ಆವಿಗೆಯ ಕಡೆ ನಡೆದ. ತಾನೂ ಮತ್ತೆ ಎತ್ತಲಿಲ್ಲ.

ಅವಳು ಸುನ್ ಅಜ್ಜಿಯ ಕಾಲು ಹಿಡಿದಳು. ಮದುವೆಯಾಗದೆ ಸತ್ತ ಗಂಡಿಗೂ ಹೆಣ್ಣಿಗೂ ಹೆಣದ ಮದುವೆ ಮಾಡಿಸುವುದುಂಟು. ಆಗ ಹೆಣ್ಣಿಗೆ ಗಂಡನ ಮನೆಯ ಪೀಠ ಸಿಗುತ್ತದೆ. ಕೆಳಗಿನ ಕಣಿವೆಯಲ್ಲಿ ಇದ್ದಿಲು ಸುಡುವವರ ಮನೆಯಲ್ಲಿ ಮರದಿಂದ ಬಿದ್ದು ಸತ್ತ ಹುಡುಗನೊಬ್ಬನಿದ್ದ. ಮಾತುಕತೆ ಕೂಡಿಯೂ ಬಂತು, ಆಮೇಲೆ ಅವರೇ ಹಿಂದೆಗೆದರು.

"ಏನಂದ್ರು?" ಎಂದು ವೂನ್ಯಾಂಗ್ ಕೇಳಿದಳು.

"ಹೆಂಗ್ ಹೇಳ್ಲಿ ಮಗಾ. ಹುಡುಗಿ ಕೆಮ್ಮಿ ಸತ್ತೋಳಂತೆ, ನಮ್ಮ ಹುಡುಗನಿಗೂ ಅಂಟೀತು ಅಂದ್ರು."

"ಸತ್ತೋನಿಗೆ ಕೆಮ್ಮು ಅಂಟುತ್ತಂತಾ?"

"ಅವರಮ್ಮ ಹಂಗಂದ್ಲು. ಅವಳೂ ತಾಯೀನೇ ತಾನೇ."

ಆಮೇಲಿಂದ ಶಿಂಗೆರ್ ಕನಸಿನಲ್ಲಿ ಬರತೊಡಗಿದಳು. ಹೊಸ್ತಿಲಾಚೆ, ಖಾಲಿ ಬಟ್ಟಲು ಹಿಡಿದು ನಿಲ್ಲುತ್ತಿದ್ದಳು. ಒಳಗೆ ಬರುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ. "ಬಾರೇ, ಗಂಜಿ ಇದೆ" ಎಂದು ತಾಯಿ ಕರೆದರೆ ಬಟ್ಟಲನ್ನು ಹಿಂದಕ್ಕೆ ಮರೆಮಾಡುತ್ತಿದ್ದಳು. ಎದ್ದಮೇಲೆ ವೂನ್ಯಾಂಗ್ ತನ್ನ ಪಾಲಿನ ಗಂಜಿಯನ್ನು ಮತ್ತೆ ಮಡಕೆಗೆ ಸುರಿಯುತ್ತಿದ್ದಳು.

ಮಗಳು ಕೊನೆಯದಾಗಿ ಕಾಲು ಅಂಟಿಸಿದ ಧೂಪದಾನಿಯೊಂದು ಒಂದು ಸುತ್ತು ಅರೆಬೆಂದು, ಮೆರುಗು ಕಾಣದೆ ಅಟ್ಟದ ಮೇಲೆ ಕೂತಿತ್ತು. ಎರಡು ಅಂಗೈಯೊಳಗೆ ಹಿಡಿಯುವಷ್ಟೇ ಗಾತ್ರ. ಅದನ್ನು ದಿನಾ ನೋಡಿ ನೋಡಿ ವೂನ್ಯಾಂಗ್ ತಲೆಗೆ ಒಂದು ಯೋಚನೆ ಹೊಕ್ಕಿತು. ಹಲಗೆ ಪೀಠದ ಮೇಲೆ ಹತ್ತದಿದ್ದರೆ ಬೇಡ. ಈ ಧೂಪದಾನಿ ಯಾವುದೋ ಊರಿನ ಯಾರದೋ ಮನೆಗೆ ಹೋಗುತ್ತದೆ. ಅವರು ಅವರ ಹಿರಿಯರಿಗೇ ಊದುಬತ್ತಿ ಹಚ್ಚಿಕೊಳ್ಳಲಿ, ಆದರೆ ಹೊಗೆ ಮೊದಲು ತಾಗುವುದು ಪಾತ್ರೆಗೆ ತಾನೇ? ಪಾತ್ರೆಯ ಮೈಯೇ ಅವಳಾಗಿದ್ದರೆ?

ಒಂದು ಮಧ್ಯಾಹ್ನ ಎಲ್ಲರೂ ಜೇಡಿ ತರಲು ಹೋದಾಗ ಅವಳು ಮಗಳ ನಾರುಬಟ್ಟೆಯ ಅಂಗಿ, ಹುಲ್ಲಿನ ಚಪ್ಪಲಿ, ಸಾಯುವ ಮುಂಚೆ ಕತ್ತರಿಸಿಟ್ಟ ಜಡೆ ಎಲ್ಲವನ್ನೂ ಸುಟ್ಟಳು. ಮರದ ಬಾಚಣಿಗೆಯನ್ನೂ ಬೆಂಕಿಯ ಮೇಲೆ ಹಿಡಿದಳು. ಹಲ್ಲುಗಳ ನಡುವೆ ಇನ್ನೂ ಒಂದೆರಡು ಕೂದಲು ಸಿಕ್ಕಿಕೊಂಡಿದ್ದವು. ಕೈ ಬರಲಿಲ್ಲ. ಅದನ್ನು ತನ್ನ ತಲೆಗೇ ಸಿಕ್ಕಿಸಿಕೊಂಡಳು. ಬೂದಿಯನ್ನು ತೊಳೆದಳು, ಮತ್ತೆ ತೊಳೆದಳು, ಸೋಸಿದಳು. ಹೊರಗಿನ ಬೂದಿ ಸೇರಿದರೆ ಮೆರುಗು ನೀರಾಗಿ ಹರಿದು ಪಾತ್ರೆ ಕೆಡುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಂದು ಬಟ್ಟಲು ಮೆರುಗಿಗೆ ಅದನ್ನು ಕಲಸಿ ಒಂದು ಪದರ ಬಳಿದಳು, ಒಣಗಿದ ಮೇಲೆ ಇನ್ನೊಂದು, ಆಮೇಲೆ ಮತ್ತೊಂದು. ಧೂಪದಾನಿ ಉಳಿದ ಪಾತ್ರೆಗಳ ನಡುವೆ ಆವಿಗೆ ಸೇರಿತು.

ಆ ಸಲದ ಆವಿಗೆ ಹಾಳಾಯಿತು. ಸೌದೆ ಹಸಿಯಿತ್ತು, ಬೆಂಕಿ ಹೊಗೆಯಾಡಿತು, ಬಟ್ಟಲುಗಳೆಲ್ಲ ಬಾಡಿದ ಸೊಪ್ಪಿನ ಬಣ್ಣಕ್ಕೆ ತಿರುಗಿದ್ದವು. ರೆನ್‌ಫು ಬೈಯುತ್ತ ಒಂದೊಂದನ್ನೇ ಗುಡ್ಡದ ಅಂಚಿನಿಂದ ಚೂರುಗಳ ರಾಶಿಗೆ ಎಸೆಯುತ್ತಿದ್ದ. ಅಪ್ಪನ ಕಾಲದಿಂದ, ತಾತನ ಕಾಲದಿಂದ ಕೆಟ್ಟದ್ದನ್ನೆಲ್ಲ ಅಲ್ಲಿಗೇ ಎಸೆದು ಎಸೆದು ಅದೇ ಒಂದು ಸಣ್ಣ ಗುಡ್ಡವಾಗಿತ್ತು. ಕೊನೆಗೆ, ಬೆಂಕಿ ನೇರ ತಾಗದಂತೆ ಪಾತ್ರೆ ಇಟ್ಟು ಸುಡುವ ಒಂದು ಮಣ್ಣಿನ ಡಬ್ಬಿಯ ಮುಚ್ಚಳ ತೆಗೆದವನು ಹಾಗೇ ನಿಂತುಬಿಟ್ಟ. ಒಳಗೆ ಧೂಪದಾನಿ ಕೂತಿತ್ತು. ಎಳೆ ಪ್ಲಮ್ ಕಾಯಿಯ ಹಸಿರು. ಮೂರು ಕಾಲುಗಳ ಏಣಿನ ಮೇಲೆ ಮೆರುಗು ತೆಳುವಾಗಿ, ಒಳಗಿನ ಬಿಳಿಮಣ್ಣು ಒಂದೊಂದು ಗೆರೆಯಾಗಿ ಕಾಣುತ್ತಿತ್ತು.

"ಇದನ್ನ ಮಾರೋದಿಲ್ಲ," ಎಂದ ರೆನ್‌ಫು. "ನಮ್ಮ ಪೀಠದ್ದು ಬಿರುಕು ಬಿಟ್ಟು ಎಷ್ಟು ಕಾಲ ಆಯ್ತು. ಇದು ಮನೇಲೇ ಇರ್ಲಿ." ಆಮೇಲೆ ಅದನ್ನು ಕಲ್ಲಿನ ಮೇಲಿಟ್ಟು ಬೆರಳಿನಿಂದ ತಳ್ಳಿ ನೋಡಿದ. "ಕೂದಲೆಳೆಯಷ್ಟೂ ಅಲುಗಾಡಲ್ಲ. ಕಾಲು ಅಂಟಿಸಿದ್ದು ಯಾರು?"

ಕೆಲಸದವರು ಚೂರುಗಳ ರಾಶಿಯ ಕಡೆ ನೋಡಿದರು.

"ನಿಮ್ಮ ತಮ್ಮನ ಮಗಳು, ಭಾವ," ಎಂದಳು ವೂನ್ಯಾಂಗ್.

"ಹೂಂ" ಎಂದ. ಅಷ್ಟೇ.

ಪೀಠದ ಬೂದಿಯನ್ನು ಮನಬಂದಾಗ ಕದಲಿಸುವ ಹಾಗಿಲ್ಲ. ವರ್ಷದ ಕೊನೆಗೆ ಒಲೆಯ ದೇವರನ್ನು ಪೂಜಿಸಿ ಸ್ವರ್ಗಕ್ಕೆ ಬೀಳ್ಕೊಟ್ಟ ಮೇಲೆ, ಪೀಠ ತೊಳೆಯುವ ದಿನ ಮಾತ್ರ. ಆ ದಿನ ರೆನ್‌ಫು ಹಳೆಯ ಧೂಪದಾನಿಯ ಬೂದಿಯನ್ನು ಚಮಚ ಚಮಚವಾಗಿ ತೆಗೆದು ಹೊಸದಕ್ಕೆ ತುಂಬಿದ, ಮೂರು ಕಡ್ಡಿ ಹಚ್ಚಿ ನೆಟ್ಟ, ನೆಲಕ್ಕೆ ಹಣೆ ಹಚ್ಚಿದ. ವೂನ್ಯಾಂಗ್ ಹಿಂದಿನ ಬಾಗಿಲಲ್ಲಿ ಜರಡಿ ಹಿಡಿದು ನಿಂತಿದ್ದಳು. ಅವಳ ಹೊಟ್ಟೆಯೊಳಗೆ ನಗು ಗುಳುಗುಳು ಎನ್ನುತ್ತಿತ್ತು. ದೊಡ್ಡಪ್ಪ ದಿನಾ ಬೆಳಗಾಗೆದ್ದು ಮಗಳಿಗೆ ಅಡ್ಡಬೀಳುತ್ತಾನೆ! ಯಾರದೋ ಮನೆಗೆ ಹೋಗಬೇಕಾದವಳು ತನ್ನ ಮನೆಯ ಪೀಠದ ಮೇಲೆ, ಅಪ್ಪನ ಹಲಗೆಯ ಮುಂದೆಯೇ ಕೂತಿದ್ದಾಳೆ. ಆ ರಾತ್ರಿಯಿಂದ ಕನಸು ನಿಂತಿತು.

ಕೆಲವು ವರ್ಷ ಹೀಗೇ ಹೋದವು. ಬೂದಿ ಅತ್ತೆ ಸ್ವಲ್ಪ ಮೈ ಕೈ ತುಂಬಿಕೊಂಡಳು ಎಂದು ಊರಿನವರು ಆಡಿಕೊಂಡರು. ನಾಯಿಮರಿ ಅವಳ ಹಿಂದೆ ಮುಂದೆ ಸುತ್ತುತ್ತ ಬೆಳೆಯಿತು. ಬೂದಿಯ ಜಾಡಿಗೆ ಕೈ ಹಾಕಿ ಮುಖಕ್ಕೆ ಬಳಿದುಕೊಂಡು "ಅಜ್ಜಿ, ನಾನು ದೆವ್ವ!" ಎಂದು ಹೆದರಿಸುತ್ತಿತ್ತು. ಅವಳು ಹೆದರಿದಂತೆ ಕಿರುಚಿದರೆ ಬಿದ್ದು ಬಿದ್ದು ನಗುತ್ತಿತ್ತು. ವೂನ್ಯಾಂಗ್ ಬಾಳಿನಲ್ಲಿ ಸುಖ ಎಂಬುದೇನಾದರೂ ಇದ್ದರೆ ಅದು ಅಷ್ಟೇ ದಿನದ್ದು.

ಮಗುವಿಗೆ ಐದು ತುಂಬುವ ಹೊತ್ತಿಗೆ, ಭತ್ತ ಕೊಯ್ಯುವ ಕಾಲದಲ್ಲಿ, ಜ್ವರ ಬಂತು. ಬಿಡಲಿಲ್ಲ. ಬೇರಿನ ಕಷಾಯ ಕುಡಿಸಿದರು, ಅಂಗಾಲಿಗೆ ಶುಂಠಿ ತಿಕ್ಕಿದರು, ವೈದ್ಯನನ್ನು ಪಲ್ಲಕ್ಕಿಯಲ್ಲಿ ಕರೆತಂದರು. ರೆನ್‌ಫು ಆವಿಗೆಯ ಕಡೆ ತಲೆ ಹಾಕುವುದನ್ನೇ ಬಿಟ್ಟು ಮಗುವಿನ ಪಕ್ಕ ಕೂತ. ಕೊನೆಗೆ ಮೈಮೇಲೆ ಬರುವ ಮುದುಕಿಯನ್ನು ಕರೆಸಿದರು. ಅವಳು ಆಕಳಿಸಿ, ನಡುಗಿ, ದನಿ ಬದಲಿಸಿ ಹೇಳಿದಳು: "ನಿಮ್ಮ ಬಾಗಿಲಲ್ಲಿ ಒಬ್ಬಳು ಹುಡುಗಿ ನಿಂತವ್ಳೆ. ಹಸಿದವ್ಳೆ. ಉಣ್ಣಕ್ಕೆ ಇಲ್ದೆ ಮಗು ಮೇಲೆ ಕೈಯಿಟ್ಟವ್ಳೆ."

ರೆನ್‌ಫು ಎದ್ದು ನೇರವಾಗಿ ಹಿತ್ತಲಿಗೆ ಬಂದ. "ಗುಂಡಿ ಎಲ್ಲಿದೆ ತೋರ್ಸು. ಮಾಂತ್ರಿಕ ಬರ್ತಾನೆ. ಮೇಲೇಳದ ಹಾಗೆ ಪೀಚ್ ಮರದ ಗೂಟ ಹೊಡೀಬೇಕು."

"ಯಾರಿಗೆ ಗೂಟ?"

"ಗೊತ್ತಿಲ್ದೋಳ ಹಾಗೆ ಆಡಬೇಡ. ಹಸಿದ ಪಿಶಾಚಿ ನನ್ನ ಮಗೂನ ತಿಂತಾ ಇದೆ!"

ಗುಡ್ಡದಲ್ಲಿ ಬೇರೆ ಯಾವುದೋ ಜಾಗ ತೋರಿಸಿದ್ದರೆ ಮುಗಿಯುತ್ತಿತ್ತು. ಖಾಲಿ ಮಣ್ಣಿಗೆ ಗೂಟ ಹೊಡೆದು ಅವರ ಪಾಡಿಗೆ ಅವರು ಹೋಗುತ್ತಿದ್ದರು. ಈ ಉಪಾಯ ಅವಳಿಗೆ ಆಮೇಲೆ ಹೊಳೆಯಿತು, ಹೊಳೆದು ಸಾಯುವ ತನಕ ಸುಟ್ಟಿತು. ಆ ಹೊತ್ತಿನಲ್ಲಿ ಅವಳ ಕಿವಿಗೆ ಬಿದ್ದದ್ದು ಒಂದೇ ಮಾತು: ಹಸಿದ ಪಿಶಾಚಿ. ಮಗಳ ಹೊಟ್ಟೆ ತುಂಬಿಸಲು ತಾನು ಪಟ್ಟ ಪಾಡು ಏನು, ಇವನು ಆಡುವ ಮಾತು ಏನು!

"ನನ್ನ ಮಗಳು ಹಸಿದಿಲ್ಲ," ಎಂದು ಕೂಗಿದಳು. "ಇಷ್ಟು ವರ್ಷ ನಿಮ್ಮ ಹಿರಿಯರ ಜೊತೆ ಕೂತು ಉಂಡಿದಾಳೆ. ನಿಮ್ಮ ಕೈಯಾರೆ ಉಂಡಿದಾಳೆ. ದಿನಾ ಬೆಳಿಗ್ಗೆ ಊದುಬತ್ತಿ ನೆಟ್ಟು ಅಡ್ಡಬೀಳ್ತೀರಲ್ಲ, ಆ ಧೂಪದಾನಿ ಯಾರು ಅಂದ್ಕೊಂಡಿದೀರ? ಅದರ ಮೆರುಗಲ್ಲಿ ಅವಳ ಬಟ್ಟೆ ಇದೆ, ಅವಳ ಜಡೆ ಇದೆ. ಉಂಡು ತುಂಬಿದ ಹೊಟ್ಟೆ ಅವಳದು. ಬೇರೆಯವರ ಮಗು ಯಾಕ್ರೀ ಬೇಕು ಅವಳಿಗೆ?"

ರೆನ್‌ಫು ಮುಖ ಸುಣ್ಣದಂತಾಯಿತು. ತಿರುಗಿ ಒಳಗೆ ಹೋದ. ಪೀಠದ ಧೂಪದಾನಿಯ ಬೂದಿಯನ್ನು ಅನ್ನದ ಬಟ್ಟಲಿಗೆ ತೆಗೆಯತೊಡಗಿದ. ಹಿರಿಯರ ಬೂದಿ, ಚೆಲ್ಲುವಂತಿಲ್ಲ. ಅವಸರಕ್ಕೆ ಅರ್ಧ ಮೇಜಿನ ಮೇಲೆಯೇ ಬಿತ್ತು. ದಿನವಲ್ಲದ ದಿನ ಪೀಠದ ಬೂದಿ ಕದಲಿಸುತ್ತಿದ್ದೇನೆಂಬ ಅರಿವೂ ಅವನಿಗಿದ್ದಂತಿರಲಿಲ್ಲ. ಖಾಲಿಯಾದ ಧೂಪದಾನಿಯನ್ನು ಎತ್ತಿಕೊಂಡು ಗುಡ್ಡದ ಅಂಚಿಗೆ ನಡೆದ. ವೂನ್ಯಾಂಗ್ ಅವನ ತೋಳು ಹಿಡಿದು ಜೋತುಬಿದ್ದಳು. "ಭಾವ, ಬೇಡ. ನಿಮ್ಮ ದಮ್ಮಯ್ಯ. ನಾನು ತಗೊಂಡು ಊರು ಬಿಟ್ಟು ಹೋಗ್ತೀನಿ, ಕೊಡಿ ಇಲ್ಲಿ." ಅವನು ತೋಳು ಕೊಡವಿಕೊಂಡು ಎಸೆದ. ಚೂರುಗಳ ರಾಶಿಯ ಮೇಲೆ ಅದು ಬಿದ್ದ ಸದ್ದು ದೊಡ್ಡದೇನಲ್ಲ. ಆ ಊರಲ್ಲಿ ದಿನವೂ ಕೇಳುವ ಸದ್ದೇ.

ಅವಳು ಇಳಿದು ಹುಡುಕಿದಳು. ತಾತನ ಕಾಲದ ಹಸಿರು, ಅಪ್ಪನ ಕಾಲದ ಹಸಿರು, ಹೋದ ವಾರದ ಹಸಿರು. ಅಂಗೈ ಕೊಯ್ದುಕೊಂಡು ಒಂದು ಕಾಲನ್ನು ಹೆಕ್ಕಿದಳು, ಒಳಗೆ ತೂತಿತ್ತು. ಅಷ್ಟರಲ್ಲಿ ಇನ್ನೊಂದು ಕಾಲು ಸಿಕ್ಕಿತು, ಅದಕ್ಕೂ ತೂತಿತ್ತು. ಮತ್ತೊಂದು, ಇನ್ನೂ ಒಂದು. ಯಾವುದು ಯಾವ ಧೂಪದಾನಿಯದು? ಬದುಕಿದ್ದಷ್ಟು ಕಾಲ ಹುಡುಗಿ ಅದನ್ನೇ ತಾನೇ ಮಾಡಿದ್ದು. ವೂನ್ಯಾಂಗ್ ಅಲ್ಲೇ ಕುಸಿದು ಕೂತಳು.

ಮಗು ಉಳಿಯಲಿಲ್ಲ. ಧೂಪದಾನಿ ಒಡೆದರೂ ಜ್ವರ ಇಳಿಯಲಿಲ್ಲ. ನಾಯಿಮರಿ ಸತ್ತಾಗ ಮನೆಯಲ್ಲಿ ಯಾರೂ ದನಿಯೆತ್ತಿ ಅಳಲಿಲ್ಲ. ಅಳುವಂತಿಲ್ಲ. ಹಿರಿಯರಿಗಿಂತ ಮುಂಚೆ ಹೋಗುವುದು ಮಗು ಮಾಡಿದ ತಪ್ಪು ಎನ್ನುತ್ತಾರೆ, ಅಜ್ಜ ಸ್ಮಶಾನದ ತನಕ ಹೋಗುವ ಹಾಗೂ ಇಲ್ಲ. ಕೂಲಿಯವನೊಬ್ಬ ಚಾಪೆಯಲ್ಲಿ ಸುತ್ತಿ, ಹಿಂದಿನ ಬಾಗಿಲಿನಿಂದ, ಬೂದಿ ಜಾಡಿಗಳ ಪಕ್ಕದಲ್ಲೇ ಹೊತ್ತು ಹೋದ. ಕಲ್ಲಿಲ್ಲ, ಗುರುತಿಲ್ಲ. ಐದು ವರ್ಷದ ಮಗುವಿಗೆ ಹಲಗೆಯೂ ಇಲ್ಲ, ಊದುಬತ್ತಿಯೂ ಇಲ್ಲ. ಕಟ್ಟುಪಾಡು ಹೆಣ್ಣಿಗೊಂದು, ಗಂಡುಕೂಸಿಗೊಂದು ಅಲ್ಲ. ಸೊಸೆ ತವರಿಗೆ ಹೋದವಳು ಹಿಂದಿರುಗಲಿಲ್ಲ.

ವೂನ್ಯಾಂಗ್ ಊರು ಬಿಡಲಿಲ್ಲ. ಎಲ್ಲಿಗೆ ಹೋಗುತ್ತಾಳೆ? ದಿನಾ ಹೊತ್ತು ಹುಟ್ಟುವ ಮುಂಚೆ ಚೂರುಗಳ ರಾಶಿಗೆ ಇಳಿದು, ಕೈಗೆ ಸಿಕ್ಕ ಸಂದಿಯಲ್ಲಿ ಒಂದು ಕಡ್ಡಿ ಹಚ್ಚಿ ನೆಟ್ಟು ಬರುತ್ತಿದ್ದಳು. ಕನಸಿನಲ್ಲಿ ಶಿಂಗೆರ್ ಮತ್ತೆ ಬಟ್ಟಲು ಹಿಡಿದು ಹೊಸ್ತಿಲಾಚೆ ನಿಲ್ಲುತ್ತಿದ್ದಳು.

ಚಳಿಗಾಲ ಕಾಲಿಟ್ಟ ಒಂದು ಬೆಳಿಗ್ಗೆ ಅವಳು ಜರಿಗಿಡ ಪೇರಿಸುತ್ತಿದ್ದಾಗ ರೆನ್‌ಫು ಬಂದು ನಿಂತ. ಗಡ್ಡ ಬೆಳೆದಿತ್ತು. ಕಂಕುಳಲ್ಲಿ ಏನೋ ಗಂಟು. ಅವಳು ಪೇರಿಸುತ್ತಲೇ ಇದ್ದಳು.

"ಹೊಸ್ತಿಲಾಚೆ ನಿಂತ್ಕೋತಾನೆ," ಎಂದ. "ಒಳಗೆ ಬಾ ಅಂದ್ರೆ ಬರಲ್ಲ."

"ಬಟ್ಟಲು ಇರುತ್ತಾ ಕೈಲಿ?"

ಅವನು ಬೆಚ್ಚಿ ಅವಳ ಮುಖ ನೋಡಿದ. ಆಮೇಲೆ ಹೌದೆಂದು ತಲೆಯಾಡಿಸಿ ಗಂಟು ಬಿಚ್ಚಿದ. ಹತ್ತಿ ತುಂಬಿದ ಪುಟ್ಟ ಅಂಗಿ. ತೋಳಿನ ತುದಿಯಲ್ಲಿ ಬೂದಿಯ ಕಲೆ ಇನ್ನೂ ಇತ್ತು.

"ಅವತ್ತು ಮಾಡಿದ್ದಂಗೇ ಮಾಡಿಕೊಡು. ಧೂಪದಾನಿ ನಾನೇ ಮಾಡ್ತೀನಿ. ಕಾಲು ಅಷ್ಟು ಚೆನ್ನಾಗಿ ಬರಲ್ಲ."

"ಊದುಬತ್ತಿ ಹಚ್ಚೋರು ಯಾರು?"

"ನಾನಿರೋ ತನಕ ನಾನು."

"ಆಮೇಲೆ?"

ಅವನು ಅಂಗಿಯನ್ನು ಅವಳ ಕಡೆ ಚಾಚಿದ. ವೂನ್ಯಾಂಗ್ ಅಂಗಿಯನ್ನು ತೆಗೆದುಕೊಂಡು ಒಣ ಜರಿಗಿಡದ ಮೇಲೆ ಹರಡಿದಳು. ಆಮೇಲೆ ತಲೆಯಿಂದ ಮಗಳ ಬಾಚಣಿಗೆ ತೆಗೆದು ಅಂಗಿಯ ಎದೆಯ ಮೇಲಿಟ್ಟಳು. ಬಿಳಿಕೂದಲು ಬೆನ್ನಿಗೆ ಬಿಚ್ಚಿಕೊಂಡಿತು.

"ಚಿಕ್ಕ ಮಗು," ಎಂದಳು. "ಒಬ್ಬನೇ ಕೂರಿಸಿದ್ರೆ ಹೆದರ್ತಾನೆ. ಇವಳೂ ಇರ್ಲಿ ಜೊತೆಗೆ."

ರೆನ್‌ಫು ಬೇಡ ಎನ್ನಲಿಲ್ಲ. ಅವಳು ಒಲೆಯ ಕೊಳ್ಳಿ ಎತ್ತಿಕೊಂಡಳು, ಆದರೆ ಬೆಂಕಿ ತಾಗಿಸಲಿಲ್ಲ.

"ಇವಳ ಹೆಸರು ಹೇಳಿ, ಭಾವ."

ಅವನು ನೆಲ ನೋಡಿದ. ಕೊಳ್ಳಿ ಅವಳ ಕೈಯಲ್ಲಿ ಉರಿಯುತ್ತ ಗಿಡ್ಡವಾಗುತ್ತಿತ್ತು. ಅವಳು ಕಾದಳು.

"ಶಿಂಗೆರ್," ಎಂದ, ಬಾಯೊಳಗೇ.

"ಕೇಳಿಸಲಿಲ್ಲ."

"ಶಿಂಗೆರ್!" ಎಂದು ರೆನ್‌ಫು ಕೂಗಿದ. ಕೂಗಿದವನೇ ಮುಖ ಮುಚ್ಚಿಕೊಂಡು ಬೂದಿಯ ಮೇಲೆಯೇ ಕುಕ್ಕರಿಸಿದ. ಅವಳು ಬೆಂಕಿ ಕೊಟ್ಟಳು.